ಒಗೆಯುವ ಕಲ್ಲಿನೆದುರು ನರಿಮರಿ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರೊಡನೆ ಮಾತಾಡಲು ಬರುತ್ತಿರಲಿಲ್ಲ. ಆಯುಷ್ಯವಿಡೀ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ, ಊರಿಗೆಲ್ಲ ವ್ಯಾಕರಣ ಕಲಿಸಿದವರ ಬಗ್ಗೆ ಹೀಗೆನ್ನಬಹುದೇ ಎಂದು ನೀವು ಕೇಳಬಹುದು. ಕೇಳಿ, ಅಡ್ಡಿಯಿಲ್ಲ! ಬಾಗಿಲಿಗೆ ಬಂದ ನೆಂಟರಿಗೆ ಅವರು ‘ಎಂತ?’ ಎನ್ನುತ್ತಿದ್ದರು. ಅಂಗಳಕ್ಕೆ ಬಂದ ಕಾಗೆಗೆ ‘ಬನ್ನಿ, ಕೂತುಕೊಳ್ಳಿ’ ಎನ್ನುತ್ತಿದ್ದರು. ಪಕ್ಕದ ಮನೆಯ ಎಮ್ಮೆ ಬೇಲಿ ಮುರಿದು ಬಸಳೆ ಚಪ್ಪರಕ್ಕೆ ಬಾಯಿ ಹಾಕಿದರೆ, ‘ತಾವು ಹೀಗೆ ಮಾಡಬಾರದು’ ಎಂದು ಅದಕ್ಕೆ ಕೈಮುಗಿದು, ಅದರ ಯಜಮಾನನನ್ನು ‘ಕತ್ತೆ’ ಎಂದು ಕರೆಯುತ್ತಿದ್ದರು. ಹೆಂಡತಿಯ ಜೊತೆಗೋ? ಬರೀ ಕೆಮ್ಮು. ಒಂದು ಕೆಮ್ಮಿಗೆ ಚಹಾ, ಎರಡಕ್ಕೆ ಊಟ. ಚಿಕ್ಕಮ್ಮ ಆ ಕೆಮ್ಮಿನ ಭಾಷೆಯಲ್ಲೇ ಸಂಸಾರ ಸಾಗಿಸಿದಳು.

ಅರವತ್ತರ ದಶಕದ ಮೊದಲ ವರ್ಷಗಳವು. ನವರಾತ್ರಿ ಕಳೆದ ಹೊಸತರಲ್ಲಿ ಚಿಕ್ಕಮ್ಮ ಜ್ವರದಲ್ಲಿ ತೀರಿಕೊಂಡಳು. ಮಕ್ಕಳಿಲ್ಲದ ಮನೆ. ಮೆಟ್ರಿಕ್ ಮುಗಿಸಿ ಕುಮಟೆಯಲ್ಲಿ ಮದುವೆಯ ದಾರಿ ಕಾಯುತ್ತ ಕೂತಿದ್ದ ನನ್ನನ್ನು, ಚಿಕ್ಕಪ್ಪನಿಗೆ ಅನ್ನ ಬೇಯಿಸಿ ಹಾಕು ಅಂತ ಕಳಿಸಿದರು. ಹೊನ್ನಾವರದಲ್ಲಿ ಬಸ್ಸಿಳಿದು, ಶರಾವತಿಯನ್ನು ಲಾಂಚಿನಲ್ಲಿ ದಾಟಿ ಅವರ ಮನೆ ಸೇರಿದೆ. ಹಿತ್ತಲಿನ ಬೇಲಿಯಾಚೆ ಗಾಳಿಮರದ ತೋಪು, ಅದರಾಚೆ ಸಮುದ್ರ. ಗಾಳಿ ನಿಂತಾಗಲೂ ಆ ಮರಗಳು ಯಾರೋ ಉಸಿರೆಳೆದುಕೊಂಡಂತೆ ಸುಯ್ಯೆನ್ನುತ್ತಿದ್ದವು.

ನಾನು ಬಂದ ಮರುದಿನವೇ ಮುಚ್ಚಂಜೆಯ ಹೊತ್ತಿಗೆ ನರಿ ಕಂಡಿತು. ಪೂರಾ ಬೆಳೆಯದ ಮರಿ. ಕಾಲು ಉದ್ದ, ಹೊಟ್ಟೆ ಬೆನ್ನಿಗೆ ಅಂಟಿತ್ತು. ಬೇಲಿಯ ಕಂಡಿಯಿಂದ ನುಸುಳಿ ಬಂದು, ಬಾವಿಯ ಪಕ್ಕದ ಒಗೆಯುವ ಕಲ್ಲಿನೆದುರು ಕೂತಿತು. ಅಡುಗೆಮನೆಯ ಕಿಟಕಿಯಲ್ಲಿದ್ದ ನನ್ನನ್ನಾಗಲಿ, ಜಗಲಿಯಲ್ಲಿದ್ದ ಚಿಕ್ಕಪ್ಪನನ್ನಾಗಲಿ ಅದು ನೋಡಲಿಲ್ಲ. ಖಾಲಿ ಕಲ್ಲನ್ನೇ ನೋಡುತ್ತಿತ್ತು. ಅದೂ ಕಲ್ಲಿನ ಮೇಲ್ಮೈಯನ್ನಲ್ಲ. ಅಲ್ಲೊಬ್ಬರು ಕೂತರೆ ಮುಖ ಎಲ್ಲಿರುತ್ತದೋ ಅಲ್ಲಿಗೆ, ಕತ್ತೆತ್ತಿ!

ಇದು ದಿನಾ ನಡೆಯಿತು. ಒಂದು ಸಂಜೆ ಅದರ ಕಣ್ಣು ಮೊದಲು ಅಡುಗೆಮನೆಯ ಹಿಂಬಾಗಿಲಿಗೆ ಹೋಯಿತು. ಅಲ್ಲಿಂದ ನಿಧಾನ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಕಲ್ಲಿಗೆ. ಯಾರೋ ನಡೆದು ಬಂದು ಕೂತಂತೆ. ಹಿಂಬಾಗಿಲಲ್ಲಿ ಯಾರೂ ಇರಲಿಲ್ಲ. ನನ್ನ ಕೈಯ ಸಟ್ಟುಗ ಒಲೆಗೆ ಬಿತ್ತು.

ಚಿಕ್ಕಪ್ಪನಿಗೆ ಹೇಳಿದೆ. ದೆವ್ವ ಎಂಬ ನಾಮಪದಕ್ಕೆ ಏಕವಚನವಿದೆ, ಬಹುವಚನವಿದೆ, ವಿಭಕ್ತಿಯೂ ಇದೆ, ದೆವ್ವವೊಂದೇ ಇಲ್ಲ ಎಂದು ಪಾಠ ಒಪ್ಪಿಸಿದರು. ಆದರೆ ಮರುದಿನ ತಾವೇ ಒಣಮೀನಿನ ತಲೆ ತೆಗೆದುಕೊಂಡು ಹೋಗಿ, ‘ಸ್ವೀಕರಿಸಬೇಕು’ ಎಂದು ನರಿಯ ಮುಂದಿಟ್ಟರು. ಅದು ಮೂಸಿ ಹಿಂದೆ ಸರಿಯಿತು. ದಿನದಿಂದ ದಿನಕ್ಕೆ ಅದರ ಪಕ್ಕೆಲುಬು ಎದ್ದು ಕಾಣತೊಡಗಿತು.

ಗುಟ್ಟು ಬಿಟ್ಟುಕೊಟ್ಟವಳು ಪಕ್ಕದ ಮನೆಯ ನಾಗವೇಣಕ್ಕ. ಆಕೆ ಕೋಳಿ ಸಾಕಿದ್ದಳು. ಹೇಂಟೆಯೊಂದು ಕಾಣೆಯಾದ ಸಿಟ್ಟಿನಲ್ಲಿ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದಳು.

“ಆ ಮರೀಗೆ ನಿನ್ನ ಚಿಕ್ಕಮ್ಮನೇ ರೂಢಿ ಮಾಡ್ಸಿದ್ದು ತಂಗಿ. ಮಳೆಗಾಲದಲ್ಲಿ ತಾಯಿ ಇಲ್ದೆ ಬಂದಿತ್ತು. ಆ ಕಲ್ಲಿನ ಮೇಲೆ ಕೂತು ಕೈಯಾರೆ ತಿನ್ನಿಸ್ತಿತ್ತು. ಮಾಸ್ತರಿಗೆ ಹೇಳ್ಬೇಡ ಅಂದಿತ್ತು ನಿನ್ನ ಚಿಕ್ಕಮ್ಮ. ಈಗ ನಮ್ಮ ಕೋಳಿ ಹೋಗ್ತಾ ಅದೆ. ನಾಳೆ ನಮ್ಮವ್ರು ಕೋವಿ ತರ್ತ್ರು.”

ನಾನು ಹೋಗಿ ಎಲ್ಲವನ್ನೂ ಚಿಕ್ಕಪ್ಪನಿಗೆ ಹೇಳಿದೆ. ‘ಅವರು ಕೋಳಿ ಮುಟ್ಟುವವರಲ್ಲ’ ಎಂದು ನರಿಯ ಪರವಾಗಿ ಒಂದು ಮಾತು ಹೇಳಿದರು. ನನ್ನ ಮಾತಿನ ವ್ಯಾಕರಣವನ್ನು ದಿನಾ ತಿದ್ದುತ್ತಿದ್ದವರು ಆ ದಿನ ಒಂದು ತಪ್ಪನ್ನೂ ತಿದ್ದಲಿಲ್ಲ. ನನಗೆ ಅದಕ್ಕೇ ಹೆದರಿಕೆಯಾಯಿತು.

ಮರುದಿನ ಮುಚ್ಚಂಜೆ ಅಕ್ಕಿ ಆರಿಸುತ್ತ ಕಿಟಕಿಯಿಂದ ನೋಡಿದೆ. ಕಲ್ಲಿನ ಮೇಲೆ ಚಿಕ್ಕಮ್ಮ ಕೂತಿದ್ದಳು. ದಿನಾ ಉಡುತ್ತಿದ್ದ ಅದೇ ಹಸಿರು ಸೀರೆ, ತಲೆ ಮೇಲೆ ಸೆರಗು, ಮುಂದಕ್ಕೆ ಬಾಗಿದ ಬೆನ್ನು. ನರಿಮರಿ ಅವಳ ಮೊಣಕಾಲಿಗೆ ಮೂತಿ ತಾಗಿಸಿ ಕೈಯಿಂದ ತಿನ್ನುತ್ತಿತ್ತು. ಗಾಳಿಮರಗಳು ಆಗ ಸುಮ್ಮನಿದ್ದವು. ಬೇಲಿಯಾಚೆ ಮಾತ್ರ ‘ಅಯ್ಯಯ್ಯೋ’ ಎಂದು ಗಂಡಸಿನ ಕೂಗು, ಕೋವಿ ಕೆಳಗೆ ಬಿದ್ದ ಸದ್ದು, ಆಮೇಲೆ ದಡದಡ ಓಟ! ನಾಗವೇಣಕ್ಕನ ಗಂಡ ಚಳಿಜ್ವರ ಬಂದು ಮಲಗಿದವನು ಆ ವಾರವಿಡೀ ಏಳಲಿಲ್ಲ. ನರಿಯನ್ನು ಹೊಡೆಯುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಬೇಲಿಯ ಬುಡದಲ್ಲಿ ವೀಳ್ಯದೆಲೆ, ಹೂವು ಕಾಣಿಸಿಕೊಂಡವು.

ಆ ಸಂಜೆ ನರಿ ಕೂಗಿಗೂ ಜಗ್ಗದೆ ತಿಂದು ಹೋಯಿತು. ಚಿಕ್ಕಮ್ಮ ಎದ್ದು ಈಚೆಗೆ ತಿರುಗಿದಳು. ಸೆರಗಿನ ಕೆಳಗೆ ಬಿಳಿ ಮೀಸೆ!

“ನನ್ನ ವಾಸನೆ ಅವರಿಗೆ ಆಗೂದಿಲ್ಲ,” ಎಂದರು ಚಿಕ್ಕಪ್ಪ, ತರಗತಿಯಲ್ಲಿ ನಿಯಮ ಹೇಳುವ ದನಿಯಲ್ಲಿ. “ಇದು ಹೊದ್ದರೆ ತಿಂತಾರೆ.”

ಚಳಿಗಾಲವಿಡೀ ಹಾಗೇ ನಡೆಯಿತು. ಪಂಚೆ, ಮೇಲೊಂದು ಹಸಿರು ಸೀರೆ ಸುತ್ತಿಕೊಂಡ ಮಾಸ್ತರು, ಎದುರಿಗೆ ದುಂಡಗಾಗುತ್ತಿದ್ದ ನರಿ. ಆದರೆ ಅದು ತಿನ್ನುವ ಮೊದಲು ಹಿಂಬಾಗಿಲನ್ನು ನೋಡುವುದನ್ನು ಬಿಡಲೇ ಇಲ್ಲ. ಅಲ್ಲಿ ಏನಿತ್ತೆಂದು ನಾನು ಈಗಲೂ ಹೇಳಲಾರೆ. ಒಂದು ಸಂಜೆ ತೋಪಿನೊಳಗಿನಿಂದ ಇನ್ನೊಂದು ನರಿ ಕೂಗಿತು. ನಮ್ಮದು ಕಿವಿ ನಿಮಿರಿಸಿ, ತುತ್ತನ್ನು ಅಲ್ಲೇ ಬಿಟ್ಟು ಬೇಲಿ ದಾಟಿತು. ಮತ್ತೆ ಬರಲಿಲ್ಲ. ಚಿಕ್ಕಪ್ಪ ಒಂದಷ್ಟು ದಿನ ಸೀರೆ ಹೊದ್ದು ಕೂತು ನೋಡಿದರು, ಆಮೇಲೆ ಬಿಟ್ಟರು.

ಸೀರೆಯ ಅಂಚೆಲ್ಲ ಕೆಸರು, ಮೀನಿನ ಎಣ್ಣೆ. ಒಂದು ಬೆಳಿಗ್ಗೆ ಅದನ್ನು ಬಾವಿಕಟ್ಟೆಗೆ ಒಯ್ದು ಬಕೆಟ್ಟಿಗೆ ಹಾಕಲು ಹೊರಟಿದ್ದೆ. ಚಿಕ್ಕಪ್ಪ ಜಗಲಿಯಿಂದ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದು ನನ್ನ ಕೈ ಹಿಡಿದರು.

“ತೊಳೂದು ಬೇಡ.”

“ನರಿ ಇನ್ನು ಬರೂದಿಲ್ಲ, ಚಿಕ್ಕಪ್ಪ.”

“ಗೊತ್ತದೆ,” ಎಂದರು. ನನ್ನತ್ತ ನೋಡದೆ ಸೀರೆಯನ್ನು ಮಡಿಕೆ ಮಾಡತೊಡಗಿದರು. “ತೊಳೆದರೆ ಅವಳ ವಾಸನೆ ಹೋಗ್ತದೆ.”

ನಾನು ಸೆರಗಿನ ತುದಿ ಹಿಡಿದುಕೊಂಡೆ. ಇಬ್ಬರೂ ಸೇರಿ ಅದನ್ನು ಮಡಚಿದೆವು.