ಮಾನ್ವಿಗೆ ಬಂದ ಅಸ್ಸಾಂ ಸೊಸೆ

ಸಂಜೀವ ಬಾಯಿ ತಪ್ಪಿ ಆಡಿದ್ದು ಒಂದೇ ಒಂದು ಮಾತು. ಅದೂ ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸಿನಲ್ಲಿ, ಕಲ್ಮಲ ದಾಟಿದ ಮೇಲೆ.

ಕಲ್ಮಲದಲ್ಲಿ ಖಾಸಿಂ ಬೀ ಬಸ್ಸು ಹತ್ತದೇ ಇದ್ದಿದ್ದರೆ ಆ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ. ಸಂಜೀವನ ಅವ್ವ ಯಮನಮ್ಮನ ಮನೆಗೂ ಖಾಸಿಂ ಬೀ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆಕೆ ಹದಿನೈದು ದಿನ ಮಗಳ ಮನೆಯಲ್ಲಿದ್ದು ಊರಿಗೆ ಮರಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕೂತು, ಸಂಜೀವನ ಗುರುತು ಹಿಡಿದು, ಅವನ ಪಕ್ಕದಲ್ಲಿದ್ದ ಹೆಂಗಸನ್ನು ಸಂತೆಯಲ್ಲಿ ಬದನೆಕಾಯಿ ತಿರುವಿ ನೋಡುವಂತೆ ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿದಳು.

“ಸಂಜೂ ಬೇಟಾ, ದೋಹಾದಿಂದ ಯಾವಾಗ ಬಂದಿ? ಈಕಿ ಯಾರು?”

“ನನ್ನ ಹೆಂಡ್ತಿ, ಖಾಲಾ.”

“ಯಾ ಅಲ್ಲಾ! ಯಾವೂರಾಕಿ?”

ಉತ್ತರವೇನೋ ಸರಳವಾಗಿತ್ತು. ಮಾರಿಸೆಲ್ ಫಿಲಿಪೈನ್ಸ್ ದೇಶದವಳು. ದೋಹಾದ ಒಂದು ಹೋಟೆಲ್ಲಿನಲ್ಲಿ ಸಂಜೀವ ಏಸಿ ಮೆಕ್ಯಾನಿಕ್ ಆಗಿದ್ದ, ಆಕೆ ಅಲ್ಲಿಯ ಲಾಂಡ್ರಿ ನೋಡಿಕೊಳ್ಳುತ್ತಿದ್ದಳು. ಮದುವೆಯಾಗಿ ಆರು ತಿಂಗಳಾಗಿತ್ತು. ಮಾನ್ವಿಯ ಬಿಸಿಲಿಗೆ ಏಸಿ ರಿಪೇರಿ ಅಂಗಡಿ ನಡೆದೇ ನಡೆಯುತ್ತದೆ ಎಂದು ಇಬ್ಬರೂ ಕೆಲಸ ಬಿಟ್ಟು ಬಂದಿದ್ದರು.

ಆದರೆ ಅವ್ವನಿಗೆ ಸಂಜೀವ ಹೇಳಿದ್ದು ಅರ್ಧ ಮಾತ್ರ. ಫೋನಿನಲ್ಲಿ “ಲಗ್ನ ಆಗೀನಿ” ಅಂದಿದ್ದ. “ಎಲ್ಲ್ಯಾಕಿ?” ಎಂದು ಆಕೆ ಕೇಳಿದ ಕೂಡಲೇ “ನೆಟ್‌ವರ್ಕ್ ಇಲ್ಲವ್ವಾ” ಎಂದು ಇಟ್ಟುಬಿಟ್ಟಿದ್ದ. ನಾಲ್ಕು ವರ್ಷದ ಹಿಂದೆ ಅವನು ದೋಹಾಕ್ಕೆ ಹೊರಟಾಗ ಯಮನಮ್ಮ ಹೇಳಿದ್ದಳು: “ಕೈಕಾಲು ಮುರಕೊಂಡು ಬಾ, ನಡೀತದ. ಪರದೇಶದಾಕಿನ್ನ ಮಾತ್ರ ಕರಕೊಂಡು ಬರಬ್ಯಾಡ.”

ಮನೆ ಮುಟ್ಟಿ, ಮುಖ ತೊಳೆದು, ಚಹಾ ಕುಡಿದು, ಅವ್ವನ ಮನಸ್ಸು ನೋಡಿಕೊಂಡು ಮೆಲ್ಲಗೆ ಹೇಳಬೇಕು ಎಂದುಕೊಂಡಿದ್ದ. ಈಗ ಖಾಸಿಂ ಬೀಗೆ ಹೇಳಿದರೆ ಬಸ್ಸಿಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತದೆ.

“ಅಸ್ಸಾಂ” ಎಂದುಬಿಟ್ಟ.

“ಅದಽ ಅಂದ್ಕೊಂಡೆ. ಮುಖ ಹಂಗಽ ಅದ” ಎಂದು ಖಾಸಿಂ ಬೀ ಸಮಾಧಾನದಿಂದ ಫೋನು ತೆಗೆದಳು. ಬಸ್ಸು ಕುರ್ಡಿ ಕ್ರಾಸಿಗೆ ಬರುವಷ್ಟರಲ್ಲಿ ಅರ್ಧ ಓಣಿಗೆ ಸುದ್ದಿ ಹಂಚಿ ಆಗಿತ್ತು.

ಮಾರಿಸೆಲ್ ಒಂದು ವರ್ಷದಿಂದ ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದಳು. ವೇಗದ ಮಾತು ಇನ್ನೂ ಪೂರ್ತಿ ಹಿಡಿಯಲಾಗದಿದ್ದರೂ, ಹೊಸ ಶಬ್ದ ಕಿವಿಗೆ ಬಿದ್ದರೆ ಬಿಡುವವಳಲ್ಲ.

“ಸಂಜೀವಾ, ಅಸ್ಸಾಂ ಅಂದ್ರ ಏನು?” ಎಂದು ಅವನ ಕಿವಿಯಲ್ಲಿ ಕೇಳಿದಳು.

“ಅದು... ನಮಸ್ಕಾರ ಇದ್ದಂಗ. ಹಿರೇರಿಗೆ ಹೇಳೋದು.”

ಆಕೆ ಕಿಟಕಿಯ ಕಡೆ ತಿರುಗಿ, ಪರೀಕ್ಷೆಗೆ ಹೊರಟವರಂತೆ ಆ ಶಬ್ದವನ್ನು ಹತ್ತು ಸಲ ತನ್ನಷ್ಟಕ್ಕೆ ಹೇಳಿಕೊಂಡಳು. ಸಂಜೀವ ನಿಜ ಹೇಳಬೇಕೆಂದು ಆಕೆಯ ಕಡೆ ಬಾಗಿದ. ಆದರೆ ಹಿಂದೆ ಖಾಸಿಂ ಬೀ ಕೂತಿದ್ದಳು.

ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಪ್ರಭುರಾಜ ಮಾಸ್ತರರು ಕಾದಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ರಿಟೈರಾದ ಮೇಲೆ ಭೂಗೋಳ ಕೇಳುವವರಿಲ್ಲದೆ ಅವರಿಗೆ ಉಂಡ ಅನ್ನ ಕರಗುತ್ತಿರಲಿಲ್ಲ.

“ಲೇ ಸಂಜೀವಾ, ಓಣ್ಯಾಗ ಒಬ್ಬೊಬ್ರು ಒಂದೊಂದು ಹೇಳಾಕತ್ತಾರ. ನಾ ಖುದ್ದು ಕೇಳಬೇಕಂತ ಬಂದೆ. ಖರೇ ಹೇಳು, ಅಸ್ಸಾಂದಾಕಿ ಹೌದೇನು?”

ಖಾಸಿಂ ಬೀ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದಳು. “ನಿಮ್ಮ ಪಾದದಾಣಿ, ಹೌದ್ರಿ ಸರ್” ಎಂದ ಸಂಜೀವ.

“ಯಾವ ಜಿಲ್ಲಾ?”

“ಚಹಾ ಬೆಳಿಯೋ ಜಿಲ್ಲಾ, ಸರ್.”

ಅಷ್ಟರಲ್ಲಿ ಮಾರಿಸೆಲ್ ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಸ್ಪಷ್ಟವಾಗಿ “ಅಸ್ಸಾಂ!” ಎಂದಳು.

ಮಾಸ್ತರರ ಕಣ್ಣು ತುಂಬಿತು. “ನಾಡಿನ ಅಭಿಮಾನ ಅಂದ್ರ ಇದು ನೋಡು! ಪಾಪ, ತಾಯಿಭಾಷಾ ಕೇಳಿ ಎಷ್ಟು ದಿನ ಆಗೇದೋ. ಬಾ, ಇಲ್ಲೇ ನಿಮ್ಮವನಽ ಒಬ್ಬಾವ ಇದ್ದಾನ.”

ಬೇಡವೆಂದರೂ ಬಿಡದೆ ರಸ್ತೆಯಾಚೆ ಎಳೆದೊಯ್ದರು. ಅಲ್ಲಿ ‘ಅಸ್ಸಾಂ ಮೋಮೋ ಸೆಂಟರ್’ ಎಂದು ಬೋರ್ಡು ಹಾಕಿದ ಬಂಡಿ. ನಲವತ್ತು ದಾಟಿದ ಅಡುಗೆಯವನು ಉಗಿಯ ನಡುವೆ ನಿಂತಿದ್ದ. “ನಿಮ್ಮೂರ ಹೆಣ್ಣಮಗಳು, ಮಾತಾಡು” ಎಂದು ಮಾಸ್ತರರು ಆಜ್ಞೆ ಮಾಡಿದರು. ಸಂಜೀವ ಕಣ್ಣು ಮುಚ್ಚಿಕೊಂಡ. ಮುಗಿಯಿತು ಕತೆ.

ಅಡುಗೆಯವನು ಆಕೆಯನ್ನು ನೋಡಿ ಹೆದರಿದವನಂತೆ “ಕಸ್ತೋ ಛ?” ಎಂದ.

ಮಾರಿಸೆಲ್‌ಗೆ ಅದು ತನ್ನ ಭಾಷೆಯ ಕುಶಲಪ್ರಶ್ನೆಯಂತೆಯೇ ಕೇಳಿಸಿತು. ಮುಖವರಳಿಸಿ “ಕುಮುಸ್ತಾ!” ಎಂದಳು. ಆಮೇಲೆ ಆಕೆ ತನ್ನ ಭಾಷೆಯಲ್ಲಿ, ಅವನು ತನ್ನ ಭಾಷೆಯಲ್ಲಿ, ಒಬ್ಬರದು ಒಬ್ಬರಿಗೆ ತಿಳಿಯದೆ ಎರಡು ನಿಮಿಷ ಮಾತಾಡಿದರು.

“ಕಸ್ತೋ, ಕುಮುಸ್ತಾ! ಎಷ್ಟು ಸವಿ ಅದ ನೋಡ್ರಿ ಅಸ್ಸಾಮಿ!” ಎಂದು ಮಾಸ್ತರರು ನೆರೆದವರಿಗೆ ವಿವರಿಸಿದರು.

ಅಡುಗೆಯವನು ಸಂಜೀವನನ್ನು ಬದಿಗೆ ಕರೆದು ಹಿಂದಿಯಲ್ಲಿ ಪಿಸುಗುಟ್ಟಿದ. ತಾನು ನೇಪಾಳದವನು, ಬೋರ್ಡಿಗಾಗಿ ಮಾಲಕ ಅಸ್ಸಾಂ ಎನ್ನಲು ಹೇಳಿದ್ದಾನೆ, ದಯಮಾಡಿ ನಿಮ್ಮ ಹೆಂಡತಿ ಯಾರಿಗೂ ಹೇಳದಂತೆ ನೋಡಿಕೊಳ್ಳಿ ಎಂದು ಕೈ ಮುಗಿದ. ಸಂಜೀವನಿಗೆ ಹೋದ ಜೀವ ಬಂದಂತಾಯಿತು. ದೇವರೇ ತನ್ನ ಕಡೆ ಇದ್ದಾನೆಂದುಕೊಂಡು ಆಟೋ ಹತ್ತಿದ.

ಓಣಿಗೆ ತಿರುಗಿದ ಆಟೋ ಮುಂದೆ ಹೋಗಲಾರದೆ ನಿಂತಿತು. ದಾರಿಗೆ ಅಡ್ಡಲಾಗಿ ಶಾಮಿಯಾನ ಹಾಕಿತ್ತು. ಅದಕ್ಕೊಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಒಂದು ಮೂಲೆಯಲ್ಲಿ ವಿಮಾನ, ಇನ್ನೊಂದು ಮೂಲೆಯಲ್ಲಿ ಅವ್ವನ ಫೋಟೋ, ನಡುವೆ ಅಕ್ಷರ: ‘ಫಿಲಿಪೈನ್ಸ್ ದೇಶದ ಸೊಸೆಗೆ ಮಾನ್ವಿಗೆ ಸುಸ್ವಾಗತ. ಕೋರುವವರು: ಅತ್ತೆ ಯಮನಮ್ಮ.’

ಸಂಜೀವ ಆ ಅಕ್ಷರಗಳನ್ನು ಎರಡು ಸಲ ಓದಿ ಆಟೋದಿಂದ ಇಳಿದ.

ಫ್ಲೆಕ್ಸಿನ ಕೆಳಗೆ ಹೊಸ ಇಳಕಲ್ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ಯಮನಮ್ಮ ನಿಂತಿದ್ದಳು. ಸುತ್ತ ನೆರೆದ ಓಣಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿತ್ತು.

“ದೋಹಾದಾಗಿರೋ ನಿನ್ನ ದೋಸ್ತ ವಿನೋದ ಎಲ್ಲಾ ಹೇಳ್ಯಾನಲೇ, ಭಾಡ್ಯಾ!” ಎಂದಳು ಆಕೆ. “ಎರಡು ದಿನ ಅತ್ಕೋಂತ ಕುಂತೆ. ಆಮ್ಯಾಲ ಆಕಿನೂ ಒಬ್ಬ ತಾಯಿ ಮಗಳು, ನನ್ನ ಮಗನ್ನ ನಂಬಿ ಸಮುದ್ರ ದಾಟಿ ಬರಾಕತ್ತಾಳ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೆ. ಹತ್ತು ದಿನದಿಂದ ಮನಿಮನಿಗೆ ಹೇಳ್ಕೋಂತ ತಿರುಗೀನಿ. ಈಗ ನೋಡಿದ್ರ ಯಮನಮ್ಮ ಸುಳ್ಳಿ, ಸೊಸಿ ಅಸ್ಸಾಂದಾಕಿ ಅಂತ ಎಲ್ರೂ ನಗಾಕತ್ತಾರ!”

ಮಾರಿಸೆಲ್ ಮುಂದೆ ಬಂದು ಅತ್ತೆಗೆ ಕೈ ಮುಗಿದು “ಅಸ್ಸಾಂ, ಅತ್ತಿ!” ಎಂದಳು. ಓಣಿಗೆ ಓಣಿಯೇ ಗೊಳ್ಳೆಂದಿತು.

ಸಂಜೀವ ತಡವರಿಸುತ್ತ ನಿಜ ಒಪ್ಪಿಕೊಂಡ. ಹೆದರಿ ಸುಳ್ಳು ಹೇಳಿದೆ, ಈಕೆ ಫಿಲಿಪೈನ್ಸಿನವಳೇ ಎಂದ. ಸ್ಕೂಟರಿನಲ್ಲಿ ಹಿಂದೆಯೇ ಬಂದಿದ್ದ ಮಾಸ್ತರರು ನೊಂದುಕೊಂಡರು. “ನನ್ನ ಪಾದದಾಣಿ ಮಾಡಿದ್ಯಲ್ಲೋ? ಆ ಅಡಗಿಯವನ ಕೂಡ ಮಾತಾಡಿದ್ದು ಮತ್ತ ಯಾವ ಭಾಷಾ?”

ಸಂಜೀವ ಬಾಯಿ ತೆರೆದ. ನೇಪಾಳದವನ ಮುಗಿದ ಕೈ ನೆನಪಾಗಿ ಮುಚ್ಚಿದ.

ಆಗ ಮಾರಿಸೆಲ್ ತಾನೇ ಚೀಲದಿಂದ ಪಾಸ್‌ಪೋರ್ಟ್ ತೆಗೆದುಕೊಟ್ಟಳು. ಮಾಸ್ತರರು ಚಾಳೀಸು ಏರಿಸಿ ರಟ್ಟಿನ ಮೇಲಿನ ಅಕ್ಷರ ಓದಿದರು.

“ಪಿಲಿಪಿನಾಸ್?” ಹುಬ್ಬು ಗಂಟಾಯಿತು. “ಪಾಸಾಪೋರ್ತೆ?” ಒಳಗಿನ ಪುಟ ತಿರುವಿದರು. “ಇಲ್ಲಿ ನೋಡಿದ್ರ ಎಫ್ ಹಾಕಿ ಫಿಲಿಪಿನೋ! ಮೂವತ್ತು ವರ್ಷ ಪಿ-ಎಚ್ ಅಂತ ಬರಿಸೀನಿ ನಾನು. ಒಂದಽ ಬುಕ್ಕಿನಾಗ ಎರಡು ಸ್ಪೆಲ್ಲಿಂಗ್, ಎರಡೂ ತಪ್ಪು. ಡುಪ್ಲಿಕೇಟ್ ಮಾಡ್ಸೋದಿದ್ರ ನನ್ನ ಒಂದು ಮಾತು ಕೇಳಬಾರದೇನೋ?”

“ನಮ್ಮ ಭಾಷಾದಾಗ ಹಂಗಽ ಬರೀತಾರ್ರಿ” ಎಂದಳು ಮಾರಿಸೆಲ್.

“ಗೊತ್ತವ್ವಾ, ಅಸ್ಸಾಮಿಯೊಳಗ ಹಂಗ ಇರಬಹುದು” ಎಂದು ಮಾಸ್ತರರು ಮೃದುವಾಗಿ ಪಾಸ್‌ಪೋರ್ಟ್ ಹಿಂತಿರುಗಿಸಿದರು.

ಅಸ್ಸಾಂ ಎಂದರೆ ನಮಸ್ಕಾರವಲ್ಲ, ಒಂದು ನಾಡಿನ ಹೆಸರು ಎಂದು ಆಕೆಗೆ ಈಗ ತಿಳಿಯಿತು. ಗಂಡನ ಕಡೆ ತಿರುಗಿದಳು. “ನಿನ್ನ ಊರಿನ ಹೆಸರು ನಾ ಬರದು ಬರದು ಕಲ್ತೆ. ನನ್ನ ಊರಿನ ಹೆಸರು ಹೇಳಾಕ ನಿನಗ ನಾಚಿಕಿ ಬಂತೇನು?”

ಯಮನಮ್ಮ ಆರತಿ ಎತ್ತಿ, ಸೊಸೆಯ ಕೈ ಹಿಡಿದಳು. ಮಾರಿಸೆಲ್ ಎಂಬ ಹೆಸರು ಆಕೆಯ ಬಾಯಲ್ಲಿ ಆಗಲೇ ಊರದೇವಿಯ ಹೆಸರಾಗಿತ್ತು. “ಬಾ ಯವ್ವಾ ಮಾರೆಮ್ಮಾ, ನೀ ಎಲ್ಲ್ಯಾಕಿ ಅಂತ ನನಗ ಗೊತ್ತದ.” ಹಿಂದೆಯೇ ಹೆಜ್ಜೆ ಇಟ್ಟ ಮಗನಿಗೆ ಬಾಗಿಲು ಅಡ್ಡ ಹಾಕಿದಳು. “ಓಣ್ಯಾಗ ನಲವತ್ತು ಮನಿ ಅವ. ಒಂದೊಂದು ಮನಿಗೂ ಹೋಗಿ ಖರೇ ಒಪ್ಪಿಸಿ ಬಾ. ಅಲ್ಲೀತನಕ ಈ ಹೊಸ್ತಿಲ ತುಳೀಬ್ಯಾಡ.”

ಸಂಜೀವ ಮೊದಲು ಪಕ್ಕದ ಮನೆಯ ಕದ ಬಡಿದ. ಆದದ್ದೆಲ್ಲವನ್ನೂ ಬಿಡಿಸಿ ಹೇಳಿದ, ಆಣೆ ಹಾಕಿದ, ಕೊನೆಗೆ ಅತ್ತೇಬಿಟ್ಟ. ಖಾಸಿಂ ಬೀ ಪೂರ್ತಿ ಕೇಳಿದಳು. ಆಕೆಯ ಕಣ್ಣೂ ಒದ್ದೆಯಾಯಿತು. ಎರಡೂ ಕೈಯಿಂದ ಅವನ ಗಲ್ಲ ಸವರಿ ನೆಟಿಕೆ ಮುರಿದಳು.

“ಅವ್ವನ ಮಾನ ಉಳಿಸಾಕ ಎಷ್ಟು ಸುಳ್ಳು ಹೇಳ್ತೀ ಬೇಟಾ! ಹುಟ್ಟಿದ್ರ ನಿನ್ನಂಥಾ ಮಗ ಹುಟ್ಟಬೇಕು.”