ಗೆಲ್ಲುವವರ ಹೆಸರು ಹೇಳುವ ಕೆಲಸ

ವಾರಕ್ಕೊಮ್ಮೆ ಊರಿಗೆಲ್ಲ ಕೇಳುವಂತೆ ತಪ್ಪು ಹೇಳುವುದನ್ನೇ ಕಸುಬು ಮಾಡಿಕೊಂಡವನಿಗೆ ನಗೆಪಾಟಲಾಗುವ ಪ್ರಸಂಗಗಳಿಗೆ ಬರ ಇರುವುದಿಲ್ಲ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ.

ನಾನು ಸಿಡ್ನಿಯ ಒಂದು ಕ್ರೀಡಾ ವೆಬ್‌ಸೈಟಿಗೆ ಗಾಲ್ಫ್ ಬಗ್ಗೆ ಬರೆಯುತ್ತೇನೆ. ಗುರುವಾರ ಶುರುವಾಗುವ ಪಂದ್ಯಾವಳಿಗೆ ಮಂಗಳವಾರವೇ ಕೂತು, ಯಾರು ಗೆಲ್ಲಬಹುದು, ಬೆಟ್ ಕಟ್ಟುವವರು ಯಾರ ಮೇಲೆ ಕಟ್ಟಬಹುದು ಎಂದು ಐದು ಹೆಸರು ಕೊಡಬೇಕು. ಆಟ ನಾಲ್ಕು ದಿನ. ಅದು ಮುಗಿದ ಮೇಲೆ ಸೋಮವಾರ, ಆ ಐವರೂ ಯಾಕೆ ಗೆಲ್ಲಲಿಲ್ಲ ಎಂದು ಇನ್ನೊಂದು ಲೇಖನ. ಎರಡನೆಯದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ.

ನಾನು ಮಾತ್ರ ಬೆಟ್ ಕಟ್ಟುವುದಿಲ್ಲ. ನಮ್ಮಲ್ಲಿ ಕೆಲಸ ಮಾಡುವವರು ಕಟ್ಟಕೂಡದೆಂಬ ನಿಯಮವಿದೆ. ಅದೂ ಅಲ್ಲದೆ, ನಾನು ಬರೆದದ್ದನ್ನು ನಾನು ಓದಿದ್ದೇನೆ.

೧. ಇಂಟರ್‌ವ್ಯೂ

ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಇಲ್ಲಿಗೆ ಬಂದು ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಲೆಕ್ಕ ಹಾಕಿಕೊಂಡಿದ್ದೆ. ಒಂದು ದಿನ ಅವರು ನನ್ನನ್ನೂ ಲೆಕ್ಕ ಹಾಕಿ ಮನೆಗೆ ಕಳಿಸಿದರು. ಕ್ವೇಕರ್ಸ್ ಹಿಲ್‌ನಲ್ಲಿ ಮನೆ ತಗೊಂಡು ಆರು ತಿಂಗಳಾಗಿತ್ತು. ಮಾರ್ಟ್‌ಗೇಜ್ ಇದ್ದವನು ಯಾವ ಕೆಲಸಕ್ಕಾದರೂ ಅರ್ಜಿ ಹಾಕುತ್ತಾನೆ. ಹಾಕಿದೆ.

ವೆಬ್‌ಸೈಟಿನ ಬಾಸ್ ಕೇಳಿದ: "ಗಾಲ್ಫ್ ಆಡ್ತೀಯಾ?"

"ಇಲ್ಲ."

"ನೋಡ್ತೀಯಾ?"

"ಹೋದ ವಾರದಿಂದ."

ಅವನು ನಿಟ್ಟುಸಿರು ಬಿಟ್ಟು ಹೇಳಿದ: "ನಿನಗಿಂತ ಮೊದಲು ಇದ್ದವನು ಮೂವತ್ತು ವರ್ಷ ಗಾಲ್ಫ್ ಆಡಿದವನು. ಒಂದೂ ಸರಿ ಹೇಳಲಿಲ್ಲ. ನೀನು ಸೋಮವಾರದಿಂದ ಬಾ."

೨. ಇಬ್ಬರಲ್ಲಿ ಒಬ್ಬಳು

ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೆಳಗಾವಿ ಕಡೆಯ ಒಬ್ಬ ಆಂಟಿ ನನ್ನ ಹೆಂಡತಿಯನ್ನು ಕೇಳಿದರು, ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು. ಇವಳು ಗಾಲ್ಫ್ ಅಂದಿದ್ದರೆ ಸಾಕಾಗಿತ್ತು. "ಯಾರು ಗೆಲ್ತಾರೆ ಅಂತ ಮೊದಲೇ ಹೇಳ್ತಾರೆ" ಅಂದುಬಿಟ್ಟಳು.

ಆಂಟಿ ಪ್ರಸಾದದ ತಟ್ಟೆ ಕೆಳಗಿಟ್ಟು ನನ್ನ ಪಕ್ಕ ಬಂದು ಕೂತರು.

"ಎಷ್ಟು ಮಂದಿಯೊಳಗ ಆರಿಸ್ತೀರಿ?"

"ನೂರೈವತ್ತು ಜನ ಇರ್ತಾರೆ, ಆಂಟಿ."

"ಹಂಗಾರ ನಮ್ದು ಸುಲಭ ಐತಿ. ಇಬ್ಬರ ಅದಾರ." ಫೋನ್ ತೆಗೆದು ಎರಡು ಫೋಟೋ ತೋರಿಸಿದರು. ಮಗನಿಗೆ ನೋಡಿದ ಹುಡುಗಿಯರು. ಒಬ್ಬಳು ಇಲ್ಲೇ ಸಿಡ್ನಿಯ ಲಿವರ್‌ಪೂಲ್‌ನಲ್ಲಿ ನರ್ಸ್, ಇನ್ನೊಬ್ಬಳು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಅಕೌಂಟೆಂಟ್. "ಯಾರು ಆಗ್ಬಹುದು, ಹೇಳ್ರಿ."

ಇದು ನನ್ನ ಕ್ಷೇತ್ರವಲ್ಲ ಎಂದೆ. ಅವರು ಬಿಡಲಿಲ್ಲ. ಆಡುವ ಜಾಗ, ಗಾಳಿ, ಇತ್ತೀಚಿನ ಫಾರ್ಮ್ ನೋಡದೆ ಹೇಳಲಾಗುವುದಿಲ್ಲ ಎಂದೆ. ಇಬ್ಬರ ಜಾತಕವೂ ಫೋನಿನಲ್ಲೇ ಇದೆ, ಕಳಿಸುತ್ತೇನೆ ಎಂದರು. ಮಗ ಎದುರಿಗೇ ಗೋಡೆಗೆ ಒರಗಿ ನಿಂತು ಪುಳಿಯೋಗರೆ ತಿನ್ನುತ್ತಿದ್ದ.

ಗಾಲ್ಫ್‌ನಲ್ಲಿ ಎರಡು ದಿನ ಆಡಿಸಿ, ಹಿಂದೆ ಬಿದ್ದ ಅರ್ಧ ಜನರನ್ನು ಮನೆಗೆ ಕಳಿಸಿಬಿಡುತ್ತಾರೆ. ಅದಕ್ಕೆ 'ಕಟ್' ಎನ್ನುತ್ತಾರೆ. ನನ್ನ ಆಯ್ಕೆಯವರು ಹೆಚ್ಚಾಗಿ ಶುಕ್ರವಾರ ಸಂಜೆಯೇ ಕಾರಿಗೆ ಚೀಲ ತುಂಬುವವರಾದ್ದರಿಂದ, ಕಟ್‌ನಲ್ಲಿ ಮನೆಗೆ ಹೋದವರ ಮುಖ ನನಗೆ ಚೆನ್ನಾಗಿ ಗೊತ್ತು. ಈ ಹುಡುಗನ ಮುಖ ನೋಡಿದೆ. ಅದೇ ಮುಖ.

ಆಂಟಿ ಕಾಫಿ ತರಲು ಎದ್ದಾಗ ಅವನು ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅಂಕಲ್, ಬೋತ್ ಆಫ್ ದೆಮ್ ಸೆಡ್ ನೋ. ಅಮ್ಮಂಗೆ ಹೇಳ್ಬೇಡಿ."

ಅಲ್ಲಿಯವರೆಗಿನ ಜೀವನದಲ್ಲಿ ನಾನು ಸರಿಯಾಗಿ ಊಹಿಸಿದ ಫಲಿತಾಂಶ ಅದೊಂದೇ. ಪ್ರಕಟಿಸುವಂತಿರಲಿಲ್ಲ.

೩. ಮಗಳ ಶಾಲೆ

ಮಗಳಿಗೆ ಎಂಟು ವರ್ಷ. ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಎಂದು ತರಗತಿಯಲ್ಲಿ ಎಲ್ಲರೂ ಎದ್ದು ನಿಂತು ಹೇಳಬೇಕಿತ್ತಂತೆ. ಇವಳು ಎದ್ದು, "ಎವ್ರಿ ಟ್ಯೂಸ್‌ಡೇ ಮೈ ಡ್ಯಾಡ್ ಮೇಕ್ಸ್ ಪ್ರಾಮಿಸಸ್, ಆ್ಯಂಡ್ ಎವ್ರಿ ಮಂಡೇ ಹಿ ಸೇಸ್ ಸಾರಿ" ಎಂದು ಹೇಳಿ ಕೂತಿದ್ದಾಳೆ.

ಮಧ್ಯಾಹ್ನ ಟೀಚರ್ ನನ್ನ ಹೆಂಡತಿಗೆ ಫೋನ್ ಮಾಡಿದರು. ದನಿ ಬಹಳ ಮೆತ್ತಗಿತ್ತು. "ಮನೆಯಲ್ಲಿ ಎಲ್ಲ ಸರಿ ಇದೆಯಾ?"

"ಇದೆಯಲ್ಲ."

"ಇದು ಎಷ್ಟು ದಿನದಿಂದ ನಡೀತಾ ಇದೆ?"

"ಐದು ವರ್ಷ ಆಯ್ತು. ಪ್ರತಿ ವಾರ."

ಟೀಚರ್ ಇನ್ನೂ ಮೆತ್ತಗೆ, "ನಮ್ಮ ಶಾಲೆಯಲ್ಲಿ ಒಳ್ಳೆಯ ಕೌನ್ಸೆಲರ್ ಇದ್ದಾರೆ. ನಿಮ್ಮ ಗಂಡ ಬಂದು ಮಾತಾಡಬಹುದು" ಎಂದರು.

ಹೆಂಡತಿ ಕೇಳಿದಳು: "ಅವರಿಗೆ ಗಾಲ್ಫ್ ಬರುತ್ತಾ?"

೪. ಅಮ್ಮನ ಮಾಡೆಲ್

ಧಾರವಾಡದಿಂದ ಅಮ್ಮ ಆರು ತಿಂಗಳಿಗೆಂದು ಬಂದಿದ್ದಳು. ನಾನು ಕೆಲಸದ ಹೆಸರಿನಲ್ಲಿ ಟಿವಿ ಮುಂದೆ ಕೂತಾಗ ಅವಳೂ ಅವರೆಕಾಯಿ ಹಿಡಿದು ಬಂದು ಕೂರುತ್ತಿದ್ದಳು. ಮೊದಲ ದಿನದ ಅಭಿಪ್ರಾಯ: "ಏನ್ ಹುಲ್ಲ ಐತಿ! ಇಷ್ಟ ಹುಲ್ಲಿನ್ಯಾಗ ಒಂದರ ಆಕಳಾ ಬಿಡಬಾರದೇನ ಇವ್ರು?"

ಎರಡನೆಯ ದಿನ, ಪೊದೆಯಲ್ಲಿ ಬಗ್ಗಿದ್ದ ಒಬ್ಬನನ್ನು ತೋರಿಸಿ ಕೇಳಿದಳು: "ಏನ್ ಹುಡುಕಾಕತ್ತಾನ ಅವ?"

"ಚೆಂಡು, ಅಮ್ಮ."

"ಯಾರ್ ಒಗದ್ರು ಅಲ್ಲಿ?"

"ಅವನೇ ಹೊಡೆದದ್ದು."

"ತಾನ ಒಗದು ತಾನ ಹುಡುಕೂದು? ಮನ್ಯಾಗ ಕೆಲಸ ಇಲ್ಲೇನ ಅವಂಗ?"

ಒಂದು ಮಂಗಳವಾರ ನನಗೆ ಜೋರು ಜ್ವರ. ನಾಲ್ಕು ಹೆಸರು ಹೇಗೋ ಬರೆದೆ. ಐದನೆಯದಕ್ಕೆ ತಲೆ ಓಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಆಟಗಾರರ ಫೋಟೋಗಳು ಸಾಲಾಗಿ ಇದ್ದವು. ಗಂಜಿ ತಂದ ಅಮ್ಮ ಒಂದು ಫೋಟೋದ ಮೇಲೆ ಬೆರಳಿಟ್ಟಳು. "ಈ ಹುಡುಗನ್ನ ಬರಿ. ಉಳದವ್ರೆಲ್ಲ ಉಪವಾಸ ಇದ್ದಂಗ ಕಾಣ್ತಾರ. ಇವ ಹೊಟ್ಟಿ ತುಂಬ ಉಂಡಾನ."

ಆ ಹುಡುಗನ ಹೆಸರು ನಾನೇ ಕೇಳಿರಲಿಲ್ಲ. ಬರೆದು ಕಳಿಸಿ ಮಲಗಿದೆ. ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಅವನೇ ಗೆದ್ದಿದ್ದ, ಐದು ಹೊಡೆತಗಳ ಅಂತರದಲ್ಲಿ.

ಏಳೂವರೆಗೆ ಬಾಸ್ ಫೋನ್. "ಹೇಗೆ ಕಂಡುಹಿಡಿದೆ? ಹೊಸ ಕಂಪ್ಯೂಟರ್ ಮಾಡೆಲ್ಲಾ?"

ಜ್ವರ ಇಳಿದಿರಲಿಲ್ಲ. "ಹಳೇ ಮಾಡೆಲ್" ಎಂದೆ. "ಊರಿಂದ ತರಿಸಿದ್ದು."

"ಎಷ್ಟು ಅಂಶ ನೋಡುತ್ತೆ?"

"ಒಂದೇ. ಊಟ ಆಗಿದೆಯೋ ಇಲ್ಲವೋ."

ಅವನು ಇದನ್ನು ಪೋಷಕಾಂಶ ವಿಶ್ಲೇಷಣೆ ಎಂದು ಬರೆದುಕೊಂಡ. ಮುಂದಿನ ವಾರ ಎಲ್ಲ ನೂರೈವತ್ತು ಜನರಿಗೂ ಈ ಮಾಡೆಲ್ ಓಡಿಸಬೇಕೆಂದ. ನಾನು ಫೋಟೋಗಳನ್ನು ಅಮ್ಮನ ಮುಂದೆ ಇಟ್ಟೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಎಲ್ಲ ನೋಡಿ ಕನ್ನಡಕ ತೆಗೆದಳು.

"ಈ ವಾರ ಎಲ್ಲಾರೂ ಉಂಡಾರ."

೫. ವಿಮಾನ ನಿಲ್ದಾಣದಿಂದ ಪಾಯಿಂಟ್ ಕುಕ್‌ಗೆ

ಮೆಲ್ಬರ್ನ್‌ನಲ್ಲಿ ಒಂದು ದೊಡ್ಡ ಪಂದ್ಯಾವಳಿ. ಅಲ್ಲಿಗೇ ಹೋಗಿ ಬರೆ ಎಂದು ಬಾಸ್ ಕಳಿಸಿದ. ನನ್ನ ಲೇಖನ ಹಿಂದಿನ ದಿನವೇ ಪ್ರಕಟವಾಗಿತ್ತು. ಪಾಯಿಂಟ್ ಕುಕ್‌ನಲ್ಲಿ ಗೆಳೆಯನ ಮನೆಯಿದೆ, ಅಲ್ಲಿ ಉಳಿಯುವುದೆಂದು ವಿಮಾನ ಇಳಿದು ಟ್ಯಾಕ್ಸಿ ಹತ್ತಿದೆ. ಡ್ರೈವರ್ ಪಂಜಾಬಿನವನು, ನನ್ನ ಮುಖ ನೋಡಿ ಹಿಂದಿಯಲ್ಲಿ ಶುರುಮಾಡಿದ. ಗಾಲ್ಫ್ ನೋಡಲು ಬಂದೆ ಎಂದ ಕೂಡಲೇ ಅವನ ಮುಖ ಅರಳಿತು.

"ಗಾಲ್ಫ್‌ನಿಂದ ನನಗೆ ಬಹಳ ಒಳ್ಳೆಯದಾಗಿದೆ ಭಾಯಿಸಾಬ್! ಒಂದು ವೆಬ್‌ಸೈಟ್ ಇದೆ. ಅಲ್ಲಿ ಯಾವನೋ ಒಬ್ಬ ವಾರಕ್ಕೆ ಐದು ಹೆಸರು ಬರೀತಾನೆ. ಅವನು ಯಾರ ಹೆಸರು ಬರೀತಾನೋ ಅವರು ಕಟ್‌ನಲ್ಲಿ ಮನೆಗೆ ಹೋಗ್ತಾರೆ ಅಂತ ನಾನು ಬೆಟ್ ಕಟ್ತೀನಿ. ಈ ಗಾಡಿಯ ನಾಲ್ಕೂ ಟೈರು ಅವನದೇ ಕೃಪೆ."

ನಾನು ಕಿಟಕಿಯಾಚೆ ನೋಡಿದೆ.

"ಅಂಥ ಮನುಷ್ಯ ಎಲ್ಲೂ ಸಿಗಲ್ಲ" ಎಂದು ಅವನು ಮುಂದುವರಿಸಿದ. "ಅವನು ರಜೆ ಹಾಕಿದ ವಾರ ನಮ್ಮ ಮನೇಲಿ ಎಲ್ಲರಿಗೂ ಬೇಜಾರು. ನಿಮಗೇನು ಅನ್ಸುತ್ತೆ, ಈ ಸಲ ಯಾರು ಗೆಲ್ತಾರೆ?"

ಇಷ್ಟು ಹೊಗಳಿದ ಮೇಲೆ ಸುಮ್ಮನಿರುವುದು ಸರಿಯಲ್ಲ ಎನಿಸಿ ಹೆಸರು ಹೇಳಿದೆ.

ಅವನು ಸ್ಟೀರಿಂಗ್ ತಟ್ಟಿ ತಟ್ಟಿ ನಕ್ಕ. "ನಿಮಗೂ ಹಾಗೇ ಅನ್ಸುತ್ತಾ? ಪಾಪ, ಇಬ್ಬರಾದಿರಿ!"

೬. ನನ್ನ ಹಣೆ

ಅದೇ ಪಂದ್ಯಾವಳಿಯ ಭಾನುವಾರ ನಡೆದದ್ದು ಇದು.

ಡ್ರೈವರ್‌ಗೆ ನಷ್ಟವಾಯಿತು. ನಾನು ಹೇಳಿದ ಆಟಗಾರ ಕಟ್ ದಾಟಿದ್ದಷ್ಟೇ ಅಲ್ಲ, ಕೊನೆಯ ದಿನದ ಕೊನೆಯ ಗುಳಿಗೆ ಬಂದಾಗ ಇನ್ನೊಬ್ಬನೊಂದಿಗೆ ಸಮಸಮ ನಿಂತಿದ್ದ. ಆ ಇನ್ನೊಬ್ಬ ಆಟ ಮುಗಿಸಿ ಕಾಯುತ್ತಿದ್ದ. ನನ್ನ ಸ್ವಂತ ಬುದ್ಧಿಯಿಂದ ಆರಿಸಿದವನೊಬ್ಬ ಇಷ್ಟು ದೂರ ಬಂದದ್ದು ಅದೇ ಮೊದಲು.

ಗೆಳೆಯನೂ ಜೊತೆಗಿದ್ದ. ಅವನು ಉಡುಪಿಯವನು, ಸಿವಿಲ್ ಎಂಜಿನಿಯರ್, ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡಿದವನಲ್ಲ. ಸ್ಟೀಲ್ ಡಬ್ಬಿಯಲ್ಲಿ ಗೋಳಿಬಜೆ ತಂದಿದ್ದ. ಹಗ್ಗದ ಹಿಂದೆ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತದ್ದು ಅವನಿಗೆ ಸರಿಬರಲಿಲ್ಲ.

"ಎಂತ ಮಾರಾಯ ಇದು? ಇಷ್ಟು ಜನ ಸೇರಿ ಒಬ್ಬನೂ ಕಿರುಚುವುದಿಲ್ಲ! ಸತ್ತವರ ಬೊಜ್ಜದ ಮನೆಯಲ್ಲಾದರೂ ಇದಕ್ಕಿಂತ ಗಲಾಟೆ ಇರ್ತದೆ."

"ಶ್! ಹೊಡೀತಿದಾನೆ."

ನನ್ನ ಆಟಗಾರ ದೂರದಿಂದ ಹೊಡೆದ. ಚೆಂಡು ನೇರ ಹೋಗುವ ಬದಲು ಬಲಕ್ಕೆ ತಿರುಗಿ ನಮ್ಮ ಕಡೆಗೇ ಹೊರಟಿತು. ಗಾಲ್ಫ್‌ನಲ್ಲಿ ಚೆಂಡು ಜನರ ಮೇಲೆ ಹೊರಟರೆ ಹೊಡೆದವನು "ಫೋರ್!" ಎಂದು ಕೂಗಬೇಕು. ಕೇಳಿದವರು ತಲೆ ಮುಚ್ಚಿಕೊಂಡು ಬಗ್ಗಬೇಕು. ಅವನು ಕೂಗಿದ. ಸುತ್ತಲಿನವರೆಲ್ಲ ಬಗ್ಗಿದರು.

ಗೆಳೆಯ ಮಾತ್ರ ಎರಡೂ ಕೈ ಮೇಲೆತ್ತಿ ಕುಣಿದ. "ಫೋರಾ! ಈಗ ಆಟ ಅಂದ್ರೆ ಆಟ!"

ಗಾಲ್ಫ್‌ನಲ್ಲಿ ಬೌಂಡರಿ ಇರುವುದಿಲ್ಲ ಎಂದು ಅವನಿಗೆ ತಿಳಿಸಿ ಹೇಳಲು ನಾನು ಈ ಕಡೆ ತಿರುಗಿದೆ.

ಹಣೆಯ ಬಲಗಡೆಗೆ ಬಿತ್ತು. ಹುಲ್ಲಿನ ಮೇಲೆ ಅಂಗಾತ ಬಿದ್ದವನಿಗೆ ಮೊದಲು ಆಕಾಶ ಕಂಡಿತು, ಆಮೇಲೆ ಗೋಳಿಬಜೆ, ಆಮೇಲೆ ದೊಡ್ಡ ಗದ್ದಲ. ಚೆಂಡು ನನ್ನ ಹಣೆಯಿಂದ ಚಿಮ್ಮಿ, ಗ್ರೀನ್ ಎನ್ನುವ ನುಣ್ಣನೆಯ ಹುಲ್ಲಿನ ಮೇಲೆ ಉರುಳಿ, ಗುಳಿಯಿಂದ ಒಂದು ಗೇಣು ದೂರದಲ್ಲಿ ನಿಂತಿತ್ತಂತೆ. ನೋಡುವವರಿಗೆ ತಗುಲಿದ ಚೆಂಡನ್ನು ಅದು ನಿಂತಲ್ಲಿಂದಲೇ ಆಡಬೇಕೆಂಬುದು ನಿಯಮ. ಅವನು ಮೆಲ್ಲಗೆ ತಳ್ಳಿ ಒಂದು ಹೊಡೆತದ ಅಂತರದಲ್ಲಿ ಗೆದ್ದ.

ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ನರ್ಸ್ ನನ್ನ ಕಣ್ಣಿಗೆ ಟಾರ್ಚ್ ಬಿಟ್ಟು, ಇವತ್ತು ಯಾವ ವಾರ, ಇದು ಯಾವ ಊರು ಎಂದೆಲ್ಲ ಕೇಳಿದಳು. ಎಲ್ಲ ಸರಿ ಹೇಳಿದೆ. "ಪಂದ್ಯ ಯಾರು ಗೆದ್ದದ್ದು?"

"ನಾನು ಹೇಳಿದವನೇ."

ಗೆಳೆಯ ಗಾಬರಿಯಿಂದ ಮುಂದೆ ಬಂದ. "ಸಿಸ್ಟರ್, ಇನ್ನೊಮ್ಮೆ ಚೆಕ್ ಮಾಡಿ. ಇವನಿಗೆ ಜೋರೇ ಪೆಟ್ಟಾಗಿದೆ." ನನ್ನನ್ನು ಇನ್ನೂ ಒಂದು ಗಂಟೆ ಮಲಗಿಸಿದರು.

ನಿಜವಾದ ಪೆಟ್ಟು ಬಿದ್ದದ್ದು ಬುಧವಾರ. ಆಟದಲ್ಲಿ ಮೋಸ ನಡೆಯದಂತೆ ನೋಡಿಕೊಳ್ಳುವ ಒಂದು ಸಮಿತಿಯಿಂದ ಪತ್ರ ಬಂತು. ಇವನು ಗೆಲ್ಲುತ್ತಾನೆಂದು ಬರೆದವರೂ ನೀವೇ, ಅವನು ಗೆಲ್ಲುವಂತೆ ಚೆಂಡಿಗೆ ಹಣೆ ಕೊಟ್ಟವರೂ ನೀವೇ, ಬಂದು ವಿವರಣೆ ಕೊಡಿ. ತಪ್ಪು ಸಾಬೀತಾದರೆ ಈ ಕಸುಬಿನಲ್ಲಿ ಮುಂದೆ ಜಾಗವಿಲ್ಲ. ಮೊಟ್ಟೆಯ ಹಾಗೆ ಉಬ್ಬಿದ್ದ ಹಣೆಯ ಮೇಲೆ ಹೆಂಡತಿ ಐಸ್ ಒತ್ತುತ್ತಾ ಕೇಳಿದಳು: "ನಿಜ ಹೇಳಿ, ಬೇಕಂತ ನಿಂತಿದ್ರಾ?" ಅವಳಿಗೂ ಅನುಮಾನ ಬಂದದ್ದು ನೋಡಿ ನನಗೆ ಎರಡು ದಿನ ಊಟ ಸೇರಲಿಲ್ಲ.

ವಿಚಾರಣೆಗೆ ಬಾಸ್ ಜೊತೆಗೆ ಬಂದ. ಮೇಜಿನ ಆಚೆ ಮೂವರು. ನಡುವೆ ಕೂತಿದ್ದ ಹಿರಿಯ ಹೆಂಗಸು ವಿಡಿಯೋ ನಿಲ್ಲಿಸಿ ತೋರಿಸಿದರು. ಎಲ್ಲರೂ ಬಗ್ಗಿದ್ದಾರೆ, ಕುಣಿಯುತ್ತಿರುವ ಗೆಳೆಯನ ಪಕ್ಕ ನಾನೊಬ್ಬ ನೆಟ್ಟಗೆ ನಿಂತಿದ್ದೇನೆ.

"ಚೆಂಡು ಅಲ್ಲಿಗೇ ಬರುತ್ತದೆಂದು ನಿಮಗೆ ಮೊದಲೇ ಗೊತ್ತಿತ್ತೇ?"

"ಇಲ್ಲ, ಮೇಡಂ."

"ನಂಬುವುದು ಹೇಗೆ?"

ಬಾಸ್ ಚೀಲದಿಂದ ಒಂದು ದಪ್ಪ ಫೈಲ್ ತೆಗೆದು ಮೇಜಿನ ಮೇಲಿಟ್ಟ. ಐದು ವರ್ಷದಲ್ಲಿ ನಾನು ಬರೆದ ಅಷ್ಟೂ ಲೇಖನ. ಪ್ರತಿಯೊಂದರ ಹಿಂದೆ ಆ ವಾರದ ಫಲಿತಾಂಶ ಪಿನ್ ಮಾಡಿದ್ದ. ಮೂವರೂ ಓದತೊಡಗಿದರು. ಕೋಣೆಯಲ್ಲಿ ಹಾಳೆ ಮಗುಚುವ ಸದ್ದೊಂದೇ. ಬಲಗಡೆ ಕೂತವರು ಒಮ್ಮೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ನಡುವಿನವರು ಹನ್ನೆರಡನೆಯ ವಾರಕ್ಕೆ ಬಂದಾಗ ಫೈಲ್ ಮುಚ್ಚಿ, ಎದ್ದು ಬಂದು ನನ್ನ ಕೈ ಕುಲುಕಿದರು.

ತೀರ್ಪಿನ ಪತ್ರ ವಾರದಲ್ಲಿ ಬಂತು. ಒಂದೇ ಸಾಲು: 'ಸದರಿಯವರಿಗೆ ಯಾವುದೇ ಪಂದ್ಯದ ಬಗ್ಗೆ ಮುಂಚಿತವಾಗಿ ಏನೊಂದೂ ತಿಳಿದಿರುವುದಿಲ್ಲವೆಂಬುದು ಅವರ ಬರಹಗಳಿಂದಲೇ ಸಂಶಯಾತೀತವಾಗಿ ಸಾಬೀತಾಗಿದೆ.'

ಬಾಸ್ ಅದನ್ನು ಎರಡು ಸಲ ಓದಿ, ಮಡಚಿ ನನ್ನ ಕೈಗೆ ಕೊಟ್ಟು ಹೇಳಿದ: "ಸದ್ಯ, ಪಾರಾದೆ. ಹೋಗಿ ಈ ವಾರದ ಐದು ಹೆಸರು ಬರೆ."