ಎಂಟು ಕಿಲೋ ಕೂಸಿಗೆ ಆರೂವರೆ ಕಿಲೋ ಔಷಧ

ಈ ಬೆಳಿಗ್ಗೆಯೂ ಎಂದಿನಂತೆ ರೊಟ್ಟಿ ಬಡಿದು, ಮಗಳಿಗೆ ಜಡೆ ಹಾಕಿ, ಒಂಬತ್ತಕ್ಕೆ ಜೇವರ್ಗಿಯ ಮಕ್ಕಳ ದವಾಖಾನೆಯಲ್ಲಿ ನನ್ನ ಮೇಜಿನ ಮುಂದೆ ಕುಳಿತೆ. ಹನ್ನೆರಡು ವರ್ಷ ಒಲೆಯ ಮುಂದೆ ಕಳೆದ ಮೇಲೆ ಹಳೆಯ ನರ್ಸಿಂಗ್ ಓದಿನ ದೂಳು ಕೊಡವಿ ಹಿಡಿದ ಕೆಲಸ. ಹೆಸರು ದೊಡ್ಡದು, ನರ್ಸ್ ಕೋಆರ್ಡಿನೇಟರ್. ಮಾಡುವುದು ಮಾತ್ರ ಕೂಸು ತೂಗುವುದು, ಜ್ವರ ನೋಡುವುದು, ಚೀಟಿ ಬರೆಯುವುದು, ಪಾಳಿಯ ಜಗಳ ಬಿಡಿಸುವುದು. ಕಾನ್ವೆಂಟಿನಲ್ಲಿ ಕಲಿತವಳು, ಕೋಪವನ್ನು ಗುಟುಕು ನೀರಿನಂತೆ ನುಂಗುವುದು ನನಗೆ ರೂಢಿ. ಇವತ್ತು ಮಾತ್ರ ನುಂಗಲಾಗಲಿಲ್ಲ.

ಯಡ್ರಾಮಿಯ ಕಡೆಯಿಂದ ಅತ್ತೆ ಸೊಸೆ ಹತ್ತು ತಿಂಗಳ ಗಂಡುಕೂಸನ್ನು ಮೂರನೆಯ ಸಲ ತಂದಿದ್ದರು. ಜ್ವರ ಇಳಿದಿರಲಿಲ್ಲ. ಕೂಸು ಅಳುವುದನ್ನೂ ಬಿಟ್ಟು ಸೊಸೆಯ ಹೆಗಲಿಗೆ ಒದ್ದೆ ಬಟ್ಟೆಯಂತೆ ಒರಗಿತ್ತು. ಡಾಕ್ಟರು ಚೀಟಿಯನ್ನೂ ಕೂಸನ್ನೂ ನೋಡಿ, "ತೂಗಿದವರು ಯಾರ್ರಿ?" ಎಂದರು. ಹಿಂದಿನ ಎರಡೂ ಸಲದ ಅಕ್ಷರ ನನ್ನದೇ. ಆರೂವರೆ ಕಿಲೋ.

ಮತ್ತೆ ತೂಗಲು ಎತ್ತಿಕೊಂಡೆ. ಗಿರಣಿಯಿಂದ ಜೋಳದ ಹಿಟ್ಟು ಹೊತ್ತು ತಂದ ಕೈ ಇದು, ಸುಳ್ಳು ಹೇಳುವುದಿಲ್ಲ: ಎಂಟಕ್ಕೆ ಕಡಿಮೆಯಿಲ್ಲ. ತಟ್ಟೆಯಲ್ಲಿ ಮಲಗಿಸಿದರೆ ಅದೇ ಆರೂವರೆ. ಬಗ್ಗಿ ನೋಡಿದೆ. ಸೆರಗಿನ ಮರೆಯಿಂದ ಅಜ್ಜಿಯ ಹಸಿರು ಬಳೆಯ ಕೈಯೊಂದು ಕೂಸಿನ ಕುಂಡೆಯನ್ನು ಮೆಲ್ಲಗೆ ಮೇಲೆತ್ತಿ ಹಿಡಿದಿತ್ತು.

"ಆಯಿ, ಏನ್ ಮಾಡಾಕತ್ತೀರಿ ಇದು?"

"ಒಂದೀಟು ಕೈ ಕೊಟ್ಟೀನಿ, ಅಷ್ಟ. ಇಷ್ಟು ಮಂದಿ ಮುಂದ ನೀ ಎಂಟು ಕಿಲೋ ಅಂತ ಒದರಿದ್ರ ಕಣ್ಣು ತಾಗಿ ನೆದರ ಆಗಂಗಿಲ್ಲೇನು ನಮ್ ಕೂಸಿಗೆ?"

"ಔಷಧ ತೂಕ ನೋಡಿ ಬರೀತಾರ್ರಿ. ಇಷ್ಟೂ ದಿನ ಕಡಿಮಿ ಔಷಧ ಕುಡಿಸೀರಿ. ನೆದರಲ್ಲ, ನಿಮ್ಮ ಕೈಯೇ ತಾಗ್ಯಾದ ಇದಕ್ಕ."

ನನ್ನ ದನಿ ಹೊರಗಿನ ಬೆಂಚಿನವರೆಗೆ ಕೇಳಿಸಿತಂತೆ. ಸೊಸೆ ನೆಲ ನೋಡುತ್ತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತೆಂದು ಆಗ ತಿಳಿದು ಇನ್ನಷ್ಟು ಉರಿಯಿತು. ಎರಡು ಸಲ ಅಂಕಿ ನೋಡಿ, ಕೈ ನೋಡದ ನನ್ನ ಮೇಲಂತೂ ಹೇಳತೀರದಷ್ಟು. ಎಂಟು ಕಿಲೋ ಲೆಕ್ಕಕ್ಕೆ ಔಷಧದ ಪ್ರಮಾಣ ಬದಲಾಯಿತು. ನಾಲ್ಕು ಗಂಟೆಗೆ ಫೋನ್ ಮಾಡಿದೆ. ಜ್ವರ ಇಳಿಯುತ್ತಿದೆ, ಕೂಸು ಅಳುತ್ತಿದೆ ಎಂದಳು ಸೊಸೆ. ಅಳು ಕೇಳಿ ಅಷ್ಟು ಸಮಾಧಾನ ನನಗೆಂದೂ ಆಗಿರಲಿಲ್ಲ.

ಸಂಜೆ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಪಕ್ಕದ ಮನೆಯ ಶಾಂತಕ್ಕನಿಗೆ ಹೇಳಿ, ಈ ಮೂಢ ಜನರನ್ನು ಸಾಕಷ್ಟು ಬೈದೆ. ಮೆಂತ್ಯ ಸೋಸುತ್ತಿದ್ದ ಶಾಂತಕ್ಕ ನನ್ನ ಮಗಳನ್ನು ನೋಡಿ, "ಹುಡುಗಿ ಭಾಳ ಮೈಕೈ ತುಂಬ್ಕೊಂಡಾಳ ನೋಡ್ರಿ" ಎಂದರು. "ಎಲ್ಲೀದ್ರಿ, ಒಂದು ತುತ್ತು ಉಣ್ಣಂಗಿಲ್ಲ, ಹೆಂಗ ಒಣಗ್ಯಾಳ" ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು. ಮಗಳು ಮೂರನೆಯ ರೊಟ್ಟಿ ಮುರಿಯುತ್ತಿದ್ದಳು.

ಶಾಂತಕ್ಕ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಹಂಗಾರ ಆ ರೊಟ್ಟಿಗೆ ನೀವೂ ಒಂದೀಟು ಕೈ ಕೊಡ್ರಿ. ಒಣಗಿದ ಕೂಸಿಗೆ ಭಾರ ಆಗ್ತದ."